ಹುಟ್ಟುಮಚ್ಚೆಯೋ, ಬಿದ್ದ ಗಾಯವೋ? – ದೋಷನಾಣ್ಯಗಳ ಪರೀಕ್ಷೆ

ಹಳೆಯ ನಾಣ್ಯಗಳಿಲ್ಲದ ಮನೆ ನಮ್ಮಲ್ಲಿ ವಿರಳ. ದೇವರ ಜಗುಲಿಯ ಬಟ್ಟಲು, ಅಜ್ಜಿಯ ಎಲೆಯಡಿಕೆ ಚೀಲ, ಮಕ್ಕಳ ಮಣ್ಣಿನ ಕುಡಿಕೆ, ಅಂಗಡಿಯ ಗಲ್ಲಾಪೆಟ್ಟಿಗೆ, ಎಲ್ಲಿ ಕೈಯಾಡಿಸಿದರೂ ಹಿಡಿಯಷ್ಟು ಚಿಲ್ಲರೆ ದೊರೆಯುತ್ತದೆ. ಕೆಲವು ವರ್ಷಗಳಿಂದ ಈ ಚಿಲ್ಲರೆಯ ಸುತ್ತ ಹೊಸದೊಂದು ಆಸೆ ಹಬ್ಬಿದೆ. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಬರುತ್ತದೆಂಬ ಮಾತು ಮೊಬೈಲ್ ಫೋನುಗಳ ಮೂಲಕ ಮನೆಮನೆಯನ್ನು ಹೊಕ್ಕಿದೆ. ಜನರ ಬಾಯಲ್ಲಿ ಇದಕ್ಕೆ 'ಎರರ್ ಕಾಯಿನ್' ಎಂದೇ ಹೆಸರು. ಅಂಚು ಸವೆದ, ಬಣ್ಣ ಕಪ್ಪಿಟ್ಟ, ಅಕ್ಷರ ಅಳಿಸಿದ ಪ್ರತಿಯೊಂದು ನಾಣ್ಯವೂ ಭಾಗ್ಯದ ಬಾಗಿಲೆಂದು ನಂಬುವವರು ಹೆಚ್ಚುತ್ತಿದ್ದಾರೆ.

ನಂಬಿಕೆ ಬೆಳೆದಲ್ಲಿ ವಂಚನೆಯೂ ಬೇರು ಬಿಡುತ್ತದೆ. 'ನಿಮ್ಮ ನಾಣ್ಯವನ್ನು ದೊಡ್ಡ ಮೊತ್ತಕ್ಕೆ ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ ಕಳುಹಿಸಿ, ಆ ಮೇಲೆ ತೆರಿಗೆ ಕಳುಹಿಸಿ' ಎಂದು ಹೇಳಿ ಹಣ ಕೀಳುವವರು ಹುಟ್ಟಿಕೊಂಡಿದ್ದಾರೆ. ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್ ತಿಂಗಳಲ್ಲಿ ಪ್ರಕಟಣೆಯೊಂದನ್ನು ಹೊರಡಿಸಿ, ತನ್ನ ಹೆಸರು ಹಾಗೂ ಲಾಂಛನಗಳನ್ನು ಬಳಸಿಕೊಂಡು ಹಳೆಯ ನೋಟು-ನಾಣ್ಯಗಳ ವ್ಯವಹಾರದ ನೆಪದಲ್ಲಿ ಶುಲ್ಕ, ದಲ್ಲಾಳಿ ಹಣ ಅಥವಾ ತೆರಿಗೆ ಕೇಳುವವರಿಗೆ ಮರುಳಾಗಬಾರದೆಂದು ಎಚ್ಚರಿಸಬೇಕಾಯಿತು. ತಾನು ಇಂತಹ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಈ ಬಗ್ಗೆ ಅಧಿಕಾರ ಕೊಟ್ಟಿಲ್ಲವೆಂದೂ ಸ್ಪಷ್ಟಪಡಿಸಿತು.

ಹಾಗೆಂದು ದೋಷನಾಣ್ಯಗಳೆಂಬುವೇ ಸುಳ್ಳೆ? ಅಲ್ಲ. ಅವು ನಿಜವಾಗಿ ಉಂಟು; ನಾಣ್ಯಸಂಗ್ರಾಹಕರಲ್ಲಿ ಅವುಗಳಿಗೆ ಗೌರವವೂ ಉಂಟು. ಸುಳ್ಳಾಗಿರುವುದು, ವಿಚಿತ್ರವಾಗಿ ಕಂಡದ್ದೆಲ್ಲ ದೋಷನಾಣ್ಯವೆಂಬ ಎಣಿಕೆ. ಹುಟ್ಟುವಾಗಲೇ ಬಂದ ಮಚ್ಚೆಗೂ ಬದುಕಿನಲ್ಲಿ ಬಿದ್ದು ಆದ ಗಾಯಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಈ ಅಂತರವನ್ನು ಅರಿತವರ ಮನೆಗೆ ವಂಚಕನ ಮಾತು ಹೊಗಲಾರದು. ಆದ್ದರಿಂದ ಈ ಪರೀಕ್ಷೆಯ ಕ್ರಮವನ್ನು ತುಸು ವಿವರವಾಗಿ ನೋಡೋಣ.

ಪ್ರಶ್ನೆಯನ್ನು ಸರಿಯಾಗಿ ಕೇಳುವುದು

ನಾಣ್ಯಪರೀಕ್ಷೆ ನಮ್ಮ ದೇಶದಲ್ಲಿ ಹೊಸ ವಿದ್ಯೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಟಂಕಸಾಲೆಯ ಮೇಲ್ವಿಚಾರಕನನ್ನು ಲಕ್ಷಣಾಧ್ಯಕ್ಷನೆಂದೂ ನಾಣ್ಯಗಳನ್ನು ಪರೀಕ್ಷಿಸುವ ಅಧಿಕಾರಿಯನ್ನು ರೂಪದರ್ಶಕನೆಂದೂ ಕರೆಯುತ್ತದೆ. ಕನ್ನಡದಲ್ಲಿ ಟಂಕಸಾಲೆಗೆ 'ಕಮ್ಮಟ' ಎಂಬ ಹಳೆಯ ಹೆಸರಿದೆ. ಇಂದಿನ ಲಕ್ಕುಂಡಿಯಾದ ಲೊಕ್ಕಿಗುಂಡಿಯ ಹೆಸರನ್ನು ಹೊತ್ತ 'ಲೊಕ್ಕಿ ಗದ್ಯಾಣ'ವು ನಾಡಿನ ಶಾಸನಗಳಲ್ಲಿ ಪ್ರಸಿದ್ಧವಾದುದು. ಮಾಡುವವನೊಬ್ಬ, ಪರೀಕ್ಷಿಸುವವನೊಬ್ಬ ಎಂಬ ಆ ವಿಭಾಗದಲ್ಲಿಯೇ ತತ್ತ್ವವೊಂದಿದೆ: ನಾಣ್ಯ ಹೇಗೆ ಹುಟ್ಟುತ್ತದೆಂಬುದನ್ನು ಅರಿಯದವನು ಅದರ ದೋಷವನ್ನು ನಿರ್ಣಯಿಸಲಾರನು.

ಆದಕಾರಣ ನಾಣ್ಯವನ್ನು ಕೈಗೆತ್ತಿಕೊಂಡಾಗ 'ಇದು ವಿಚಿತ್ರವಾಗಿದೆಯೇ?' ಎಂದು ಕೇಳುವುದು ವ್ಯರ್ಥ. 'ಈ ವಿಕಾರವು ಟಂಕಸಾಲೆಯ ಯಾವ ಹಂತದಲ್ಲಿ ಉಂಟಾಗಲು ಸಾಧ್ಯ?' ಎಂದು ಕೇಳಬೇಕು. ಒಂದು ಹಂತವನ್ನು ಬೆರಳಿಟ್ಟು ತೋರಿಸಲು ಸಾಧ್ಯವಾದರೆ ಮುಂದಿನ ಪರೀಕ್ಷೆಗೆ ಅದು ಅರ್ಹ. ಯಾವ ಹಂತವೂ ಆ ವಿಕಾರವನ್ನು ಮಾಡಲಾರದೆಂದಾದರೆ ಅದು ಹೊರಗಿನ ಪೆಟ್ಟು. ಅಲ್ಲಿಗೆ ವಿಚಾರಣೆ ಮುಗಿಯಿತು. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವ ತರ್ಕವೇ ಇದು.

ನಾಣ್ಯದ ಜನನ

ನಮ್ಮ ದೇಶದಲ್ಲಿ ಈಗ ನಾಲ್ಕು ಟಂಕಸಾಲೆಗಳಿವೆ: ಮುಂಬಯಿ, ಕೋಲ್ಕತ್ತ, ಹೈದರಾಬಾದು ಮತ್ತು 1988ರಲ್ಲಿ ಆರಂಭವಾದ ನೋಯ್ಡಾ. ಎಲ್ಲ ಕಡೆಯೂ ಕ್ರಮ ಸ್ಥೂಲವಾಗಿ ಒಂದೇ. ಮೊದಲು ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕಾಯಿಸಿ ಮೆದುಗೊಳಿಸುತ್ತಾರೆ, ತೊಳೆಯುತ್ತಾರೆ. ಯಂತ್ರದಲ್ಲಿ ಉರುಳಿಸಿ ಅಂಚನ್ನು ತುಸು ಎತ್ತರಿಸುತ್ತಾರೆ. ಬಳಿಕ ಬಿಲ್ಲೆಯು ಒತ್ತುಯಂತ್ರದೊಳಗೆ ಸೇರುತ್ತದೆ. ಅಲ್ಲಿ ಕೆಳಗೊಂದು, ಮೇಲೊಂದು ಉಕ್ಕಿನ ಅಚ್ಚು. ಸುತ್ತಲೂ ಬಿಲ್ಲೆ ಹರಡದಂತೆ ಹಿಡಿಯುವ ಉಕ್ಕಿನ ಬಳೆ. ಒಂದೇ ಒತ್ತಿಗೆ ಎರಡು ಮುಖಗಳೂ ಮೂಡುತ್ತವೆ. ಗೀರುಗಳುಳ್ಳ ನಾಣ್ಯವಾದರೆ ಆ ಬಳೆಯೇ ಅಂಚಿಗೆ ಸಾಮಾನ್ಯವಾಗಿ ಗೀರುಗಳನ್ನೂ ಕೊಡುತ್ತದೆ.

ಹೀಗೆ ಬಿಲ್ಲೆ, ಅಚ್ಚು, ಒತ್ತು ಎಂಬ ಮೂರು ಸ್ಥಾನಗಳಲ್ಲಿ ಮಾತ್ರ ಜನ್ಮದೋಷ ಬರಲು ಸಾಧ್ಯ. ನಿಜವಾದ ದೋಷನಾಣ್ಯಗಳೆಲ್ಲವೂ ಈ ಮೂರರಲ್ಲಿ ಒಂದಕ್ಕೆ ಸೇರಲೇಬೇಕು.

ಬಿಲ್ಲೆಯ ದೋಷಗಳು

ಪಟ್ಟಿಯು ಯಂತ್ರದಲ್ಲಿ ಸರಿಯಾಗಿ ಮುಂದೆ ಸರಿಯದಿದ್ದರೆ, ಆಗಲೇ ಬಿಲ್ಲೆ ಕತ್ತರಿಸಿದ ತೂತಿನ ಮೇಲೆಯೇ ಮತ್ತೊಂದು ಕತ್ತರಿ ಬೀಳುತ್ತದೆ. ಆಗ ಬಿಲ್ಲೆಯ ಒಂದು ಬದಿ ಚಂದ್ರಕಲೆಯಂತೆ ಕಡಿದುಹೋಗುತ್ತದೆ. ಕತ್ತರಿಯಿಂದಲೋ ಅರದಿಂದಲೋ ಹೊರಗೆ ಯಾರಾದರೂ ಕಡಿದರೂ ನಾಣ್ಯ ಹೀಗೆಯೇ ಕಾಣಬಹುದು. ಇವೆರಡನ್ನೂ ಬೇರ್ಪಡಿಸುವ ಗುರುತು ಕಡಿದ ಸ್ಥಳದಲ್ಲಿರುವುದಕ್ಕಿಂತ ಅದರ ನೇರ ಎದುರು ಬದಿಯಲ್ಲಿದೆ. ಕಡಿದ ಬಿಲ್ಲೆಯನ್ನು ಅಂಚೆತ್ತುವ ಯಂತ್ರದಲ್ಲಿ ಉರುಳಿಸುವಾಗ, ಕಡಿದ ಭಾಗ ಯಂತ್ರಕ್ಕೆ ತಾಗದಿರುವುದರಿಂದ ಅದರ ಎದುರು ಬದಿಗೂ ಒತ್ತಡ ದೊರೆಯುವುದಿಲ್ಲ. ಆದ್ದರಿಂದ ಅಲ್ಲಿ ಅಂಚಿನ ಪಟ್ಟಿ ಮಂಕಾಗಿಯೋ ಇಲ್ಲದೆಯೋ ಇರುವುದುಂಟು. ಅಲ್ಲದೆ ಕಡಿದ ಸ್ಥಳದ ಬಳಿಯ ಅಕ್ಷರಗಳು ಆ ಕಡೆಗೆ ಸ್ವಲ್ಪ ಎಳೆದಂತೆ ಮಸುಕಾಗಿರುತ್ತವೆ. ಆಮೇಲೆ ಕಡಿದ ನಾಣ್ಯದಲ್ಲಿ ಎದುರು ಅಂಚು ಗಟ್ಟಿಯಾಗಿಯೇ ಇರುತ್ತದೆ. ಅಕ್ಷರವು ಚಾಕುವಿನಿಂದ ಕೊಯ್ದಂತೆ ತಟ್ಟನೆ ನಿಂತುಹೋಗಿರುತ್ತದೆ.

ಒಂದು ನಾಣ್ಯದ ಬಿಲ್ಲೆಯು ಮತ್ತೊಂದರ ಯಂತ್ರಕ್ಕೆ ಸೇರಿಬಿಡುವುದು ಇನ್ನೊಂದು ದೋಷ. ಇದನ್ನು ತಿಳಿಯಲು ತಕ್ಕಡಿಯೇ ಸಾಕ್ಷಿ. 2011ರಿಂದ ಬಂದ ಮಾದರಿಯ ಒಂದು ರೂಪಾಯಿ ನಾಣ್ಯದ ತೂಕ 3.79 ಗ್ರಾಂ, ಅಡ್ಡಳತೆ 22 ಮಿಲಿಮೀಟರ್. ಎರಡು ರೂಪಾಯಿಯದು 4.85 ಗ್ರಾಂ, 25 ಮಿಲಿಮೀಟರ್. ಎರಡು ರೂಪಾಯಿಯ ಅಚ್ಚು ಒಂದು ರೂಪಾಯಿಯ ಬಿಲ್ಲೆಯ ಮೇಲೆ ಬಿದ್ದಿದ್ದರೆ ತೂಕವು 3.79 ಗ್ರಾಮಿನ ಆಸುಪಾಸಿನಲ್ಲಿರಬೇಕು, ಹೊರವಲಯದ ಅಕ್ಷರಗಳಿಗೆ ಲೋಹ ಸಾಲದೆ ಅವು ಅರ್ಧಕ್ಕೇ ನಿಂತಿರಬೇಕು. ಇದಕ್ಕೆ ಬದಲಾಗಿ ನಾಣ್ಯ ಚಿಕ್ಕದಾಗಿದ್ದು, ಎಲ್ಲ ಅಕ್ಷರಗಳೂ ಇದ್ದು, ಎಲ್ಲವೂ ಸಮನಾಗಿ ಕರಗಿದಂತೆ ಕಂಡರೆ ಅದು ಆಮ್ಲದಲ್ಲಿ ಅದ್ದಿದ ನಾಣ್ಯ. ಬಿಲ್ಲೆ ಸಾಲದಾದರೆ ಚಿತ್ರದ ಹೊರಭಾಗ ತಪ್ಪುತ್ತದೆ. ಆಮ್ಲ ತಿಂದರೆ ಚಿತ್ರವೆಲ್ಲ ಸೊರಗುತ್ತದೆ. ಈ ಒಂದು ವಾಕ್ಯ ನೆನಪಿನಲ್ಲಿದ್ದರೆ ಸಾಕು.

ಲೋಹವನ್ನು ತಿಳಿಯಲು ಮನೆಯಲ್ಲಿರುವ ಅಯಸ್ಕಾಂತ ನೆರವಾಗುತ್ತದೆ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ ನಾಣ್ಯವು ಅಯಸ್ಕಾಂತಕ್ಕೆ ಅಂಟುತ್ತದೆ. ಅದಕ್ಕೆ ಹಿಂದಿನ ತಾಮ್ರ-ನಿಕ್ಕಲ್ ಮಿಶ್ರಲೋಹದ ರೂಪಾಯಿ ಅಂಟುವುದಿಲ್ಲ.

ಅಚ್ಚಿನ ದೋಷಗಳು

ಲಕ್ಷಗಟ್ಟಲೆ ಬಾರಿ ಒತ್ತಿ ಒತ್ತಿ ಉಕ್ಕಿನ ಅಚ್ಚೂ ಬಳಲುತ್ತದೆ, ಬಿರುಕು ಬಿಡುತ್ತದೆ. ಒತ್ತುವಾಗ ಬಿಲ್ಲೆಯ ಲೋಹ ಆ ಬಿರುಕಿನೊಳಗೆ ಹರಿಯುವುದರಿಂದ ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಮೂಡುತ್ತದೆ. ಪರೀಕ್ಷೆಯ ಅತ್ಯಂತ ಸುಲಭ ಸೂತ್ರ ಇಲ್ಲಿಯೇ ಇದೆ: ಅಚ್ಚಿನ ಬಿರುಕು ನಾಣ್ಯದಲ್ಲಿ ಉಬ್ಬು, ಹೊರಗಿನ ಗೀರು ನಾಣ್ಯದಲ್ಲಿ ತಗ್ಗು. ಭೂತಗನ್ನಡಿ ಹಿಡಿದು, ಬೆಳಕು ಒಂದು ಬದಿಯಿಂದ ಬೀಳುವಂತೆ ವಾಲಿಸಿ ನೋಡಿದರೆ ಮಕ್ಕಳೂ ಇದನ್ನು ಹೇಳಬಲ್ಲರು. ಅಚ್ಚಿನ ಅಂಚಿನ ತುಣುಕೇ ಮುರಿದುಬಿದ್ದಿದ್ದರೆ ನಾಣ್ಯದ ಅಂಚಿನಲ್ಲಿ ಚಿತ್ರವಿಲ್ಲದ ಲೋಹದ ಗುಡ್ಡೆಯೊಂದು ನಿಲ್ಲುತ್ತದೆ.

ಅಚ್ಚಿನ ಕುಳಿಯಲ್ಲಿ ಎಣ್ಣೆಯ ಜಿಡ್ಡು ಸೇರಿಕೊಂಡರೆ ಅಕ್ಷರ ಅಥವಾ ಅಂಕಿ ಮೂಡದೆ ಹೋಗುವುದುಂಟು. ಇದೂ ಜನ್ಮದೋಷವೇ. ಆದರೆ ಅಕ್ಷರವನ್ನು ಉಜ್ಜಿ ಅಳಿಸಿದಲ್ಲಿ ಸುತ್ತಲೂ ಸೂಕ್ಷ್ಮವಾದ ಉಜ್ಜುಗೆರೆಗಳು ಉಳಿಯುತ್ತವೆ. ಜಿಡ್ಡಿನಿಂದ ತಪ್ಪಿದಲ್ಲಿ ನಾಣ್ಯದ ಮೈ ಸಹಜವಾಗಿಯೇ ಇರುತ್ತದೆ.

ಇನ್ನು ಅಚ್ಚು ತಿರುಗಿದ ನಾಣ್ಯ. ಭಾರತದ ನಾಣ್ಯವನ್ನು ಸಿಂಹಮುದ್ರೆ ನೇರವಾಗಿರುವಂತೆ ಮೇಲೊಂದು, ಕೆಳಗೊಂದು ಬೆರಳಿನಿಂದ ಹಿಡಿದು ಪುಸ್ತಕದ ಹಾಳೆ ಮಗುಚುವಂತೆ ಪಕ್ಕಕ್ಕೆ ತಿರುಗಿಸಿದರೆ ಹಿಂದಿನ ಮುಖವೂ ನೇರವಾಗಿಯೇ ಕಾಣಬೇಕು. ತಲೆಕೆಳಗಾಗಿ ಅಥವಾ ಬಹಳ ಓರೆಯಾಗಿ ಕಂಡರೆ ಅಚ್ಚು ತನ್ನ ಸ್ಥಾನದಲ್ಲಿ ತಿರುಗಿತ್ತೆಂದು ಅರ್ಥ. ಇದನ್ನು ಸುತ್ತಿಗೆಯಿಂದಲೋ ಆಮ್ಲದಿಂದಲೋ ಹೊರಗೆ ಮಾಡಲು ಬಾರದು. ಆದಕಾರಣ ಸಾಮಾನ್ಯರಿಗೂ ಖಚಿತವಾಗಿ ಗುರುತಿಸಲು ಬರುವ ದೋಷವಿದು. ಎರಡು ಡಿಗ್ರಿ, ನಾಲ್ಕು ಡಿಗ್ರಿಗಳ ಓರೆಗೆ ಮಹತ್ತ್ವವಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಅಲ್ಲಿಯ ನಾಣ್ಯವನ್ನು ಹೀಗೆ ತಿರುಗಿಸಿದರೆ ಹಿಂದಿನ ಮುಖ ತಲೆಕೆಳಗಾಗಿಯೇ ಕಾಣುತ್ತದೆ. ಅದು ಆ ದೇಶದ ಪದ್ಧತಿ, ದೋಷವಲ್ಲ.

ಅಕ್ಷರಗಳು ಜೋಡಿಯಾಗಿ ಕಾಣುವ ನಾಣ್ಯಗಳ ವಿಷಯದಲ್ಲಿ ದುಡುಕಬಾರದು. ಅಚ್ಚಿನಲ್ಲಿಯೇ ಚಿತ್ರ ಎರಡು ಬಾರಿ ಕೂತಿದ್ದರೆ ಎರಡನೆಯ ಅಕ್ಷರವೂ ಮೊದಲನೆಯದರಂತೆ ಪೂರ್ಣ ಎತ್ತರದಲ್ಲಿ, ತುದಿಗಳಲ್ಲಿ ಸೀಳು ಕಾಣುವಂತೆ ಇರುತ್ತದೆ. ಆ ಅಚ್ಚಿನಿಂದ ಬಂದ ನಾಣ್ಯಗಳೆಲ್ಲವುಗಳಲ್ಲಿಯೂ ಅದು ಒಂದೇ ರೀತಿ ಇರುತ್ತದೆ. ಒತ್ತಿದ ಕ್ಷಣದಲ್ಲಿ ಅಚ್ಚು ಅಲುಗಿದ್ದರೆ ಅಕ್ಷರದ ಪಕ್ಕದಲ್ಲಿ ಚಪ್ಪಟೆಯಾದ ಮೆಟ್ಟಿಲೊಂದು ಮಾತ್ರ ಕಾಣುತ್ತದೆ. ಇದು ಬಹು ಸಾಮಾನ್ಯ; ಇದಕ್ಕೆ ಸಂಗ್ರಾಹಕರು ಬೆಲೆ ಕೊಡುವುದು ಅಪರೂಪ.

ಒತ್ತಿನ ದೋಷಗಳು

ಬಿಲ್ಲೆ ಅಚ್ಚಿನ ನಡುವೆ ಸರಿಯಾಗಿ ಕೂಡದೆ ಪಕ್ಕಕ್ಕೆ ಸರಿದಿದ್ದಾಗ ಒತ್ತು ಬಿದ್ದರೆ ಚಿತ್ರ ಒಂದು ಕಡೆಗೆ ಸರಿದು, ಇನ್ನೊಂದು ಕಡೆ ಖಾಲಿ ಲೋಹ ಉಳಿಯುತ್ತದೆ. ಇಂತಹ ನಾಣ್ಯವನ್ನು ಬಳೆ ಪೂರ್ಣವಾಗಿ ಹಿಡಿದಿರುವುದಿಲ್ಲವಾದ್ದರಿಂದ ಅದು ಸಾಮಾನ್ಯವಾಗಿ ಪೂರ್ಣ ದುಂಡಗೆ ಇರುವುದಿಲ್ಲ. ಎರಡು ಮುಖಗಳಲ್ಲಿಯೂ ಚಿತ್ರ ಒಂದೇ ಬದಿಗೆ ಸರಿದಿರಬೇಕೆಂಬುದನ್ನು ಮರೆಯಬಾರದು. ಒಂದು ಮುಖ ಸರಿಯಾಗಿದ್ದು ಇನ್ನೊಂದು ಮುಖದ ಅರ್ಧ ಮಾತ್ರ ನುಣುಪಾಗಿದ್ದರೆ ಮೊದಲು ಉಜ್ಜುಗಲ್ಲನ್ನು ಶಂಕಿಸಬೇಕು.

ಬಳೆ ಹಿಡಿಯದೆ, ಆದರೆ ನಡುವಿಗೇ ಒತ್ತು ಬಿದ್ದರೆ ನಾಣ್ಯ ಸುತ್ತಲೂ ಹರಡಿ ಅಗಲವಾಗುತ್ತದೆ, ಅಂಚಿನ ಗೀರುಗಳು ಇಲ್ಲವಾಗುತ್ತವೆ. ಹುಡುಗರು ರೈಲುಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವೂ ಅಗಲವಾಗಿಯೇ ಇರುತ್ತದೆ. ಎರಡರ ತೂಕವೂ ಸರಿಯಾಗಿರುತ್ತದೆ. ಹಾಗಾದರೆ ಭೇದವೆಲ್ಲಿ? ಟಂಕಸಾಲೆಯ ನಾಣ್ಯದಲ್ಲಿ ನಡುವಿನ ಚಿತ್ರ ಗರಿಗರಿಯಾಗಿ ನಿಂತಿರುತ್ತದೆ. ಹಳಿಯ ಮೇಲಿನ ನಾಣ್ಯದಲ್ಲಿ ಸಿಂಹವೂ ಅಕ್ಷರವೂ ನುಜ್ಜಾಗಿ ಮಲಗಿರುತ್ತವೆ.

ಒತ್ತಿದ ನಾಣ್ಯ ಯಂತ್ರದಿಂದ ಹೊರಬೀಳದೆ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಗೆ ಅಚ್ಚಿನ ಬದಲು ಆ ನಾಣ್ಯವೇ ಒತ್ತುತ್ತದೆ. ಆಗ ಒಂದು ಮುಖದಲ್ಲಿ ಸಹಜವಾದ ಚಿತ್ರ, ಇನ್ನೊಂದು ಮುಖದಲ್ಲಿ ಅದೇ ಚಿತ್ರದ ಕನ್ನಡಿ ಬಿಂಬವು ತಗ್ಗಾಗಿ ಮೂಡುತ್ತದೆ. ಇದು ಸಂಗ್ರಾಹಕರಿಗೆ ಬಲು ಪ್ರಿಯವಾದುದು. ಅದಕ್ಕಾಗಿಯೇ ಕೃತಕವಾಗಿ ಮಾಡುವವರೂ ಹೆಚ್ಚು. ಎರಡು ನಾಣ್ಯಗಳನ್ನು ಕಮ್ಮಾರನ ಹಿಡಿಕೆಯಲ್ಲಿಟ್ಟು ಬಿಗಿದರೆ ಒಂದರ ಗುರುತು ಇನ್ನೊಂದರ ಮೇಲೆ ತಗ್ಗಾಗಿ ಬೀಳುತ್ತದೆ. ಆದರೆ ಅದರ ಕೆಳಗೆ ಮೂಲಚಿತ್ರದ ಅವಶೇಷ ಉಳಿದಿರುತ್ತದೆ, ಬೆನ್ನಿನ ಮುಖವೂ ಒತ್ತಡಕ್ಕೆ ಚಪ್ಪಟೆಯಾಗಿರುತ್ತದೆ. ನಿಜವಾದುದರಲ್ಲಿ ಸಹಜ ಮುಖಕ್ಕೆ ಯಾವ ನೋವೂ ತಟ್ಟಿರುವುದಿಲ್ಲ.

ದೋಷವೇ ಅಲ್ಲದ ಭೇದಗಳು

ಹಾನಿಯೂ ಅಲ್ಲ, ದೋಷವೂ ಅಲ್ಲ, ಕೇವಲ ಮಾದರಿಯ ಭೇದವೆಂಬ ಮೂರನೆಯ ವರ್ಗವೊಂದಿದೆ. ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ ಎಂಬುದು ಸಾಮಾನ್ಯ ಕ್ರಮ. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ. ಇದನ್ನರಿಯದೆ 'ಗುರುತು ಬಿಟ್ಟುಹೋದ ನಾಣ್ಯ' ಎಂದು ಕೋಲ್ಕತ್ತದ ರೂಪಾಯಿಯನ್ನು ಜೋಪಾನವಾಗಿಟ್ಟುಕೊಂಡವರು ಎಷ್ಟೋ ಮಂದಿ. ಹತ್ತು ರೂಪಾಯಿ ನಾಣ್ಯವು ಅದುವರೆಗೆ 14 ವಿನ್ಯಾಸಗಳಲ್ಲಿ ಬಂದಿದ್ದು ಎಲ್ಲವೂ ಚಲಾವಣೆಗೆ ಯೋಗ್ಯವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ತಿಳಿಸಿತು. ಒಂದರಂತೆ ಇನ್ನೊಂದಿಲ್ಲವೆಂದು ಅವನ್ನು ಖೋಟಾ ಎಂದು ತಳ್ಳುವುದೂ ತಪ್ಪು, ದೋಷನಾಣ್ಯವೆಂದು ಹಿಗ್ಗುವುದೂ ತಪ್ಪು. 2012ರ ವೈಷ್ಣೋದೇವಿ ನಾಣ್ಯವನ್ನು ಕುರಿತ ಲಕ್ಷಗಳ ಕಥೆಯೂ ಇಂತಹುದೇ. ಅದು ಸರ್ಕಾರ ಹೊರಡಿಸಿದ ಸ್ಮರಣಾರ್ಥ ನಾಣ್ಯ. ಅದರಲ್ಲಿ ತಪ್ಪೇನೂ ಇಲ್ಲ.

ಕೈಯಿಂದ ಬಡಿದು ಮಾಡಿದ ಹಳೆಯ ನಾಣ್ಯಗಳಿಗೆ ಈ ಶಾಸ್ತ್ರ ಅನ್ವಯಿಸದು. ವಿಜಯನಗರದ ವರಾಹದಲ್ಲಾಗಲಿ, ಮೈಸೂರಿನ ತಾಮ್ರದ ದುಡ್ಡಿನಲ್ಲಾಗಲಿ ಚಿತ್ರ ಒಂದು ಕಡೆಗೆ ಸರಿದಿರುವುದು, ಅಕ್ಷರ ಅರ್ಧ ಮೂಡಿರುವುದು ಅಂದಿನ ವಿಧಾನದ ಸಹಜಗುಣ. ಎಲ್ಲವೂ ಸಮನಾಗಿ ಇರಬೇಕಾದಲ್ಲಿ ಮಾತ್ರ ಅಸಮಾನತೆಯು ದೋಷವೆನಿಸುತ್ತದೆ.

ಗೃಹಸ್ಥರಿಗೆ ಕೆಲವು ಸೂಚನೆಗಳು

ಮನೆಯಲ್ಲಿ ಪರೀಕ್ಷೆ ಮಾಡಬಯಸುವವರಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಸಣ್ಣ ತಕ್ಕಡಿ, ಒಂದು ಅಯಸ್ಕಾಂತ ಇಷ್ಟು ಸಾಕು. ಇವೆಲ್ಲಕ್ಕಿಂತ ಮುಖ್ಯವಾದುದು ಅದೇ ಇಸವಿಯ, ಅದೇ ಟಂಕಸಾಲೆಯ ಒಂದು ಸಾಮಾನ್ಯ ನಾಣ್ಯ. ಸರಿಯಾದುದನ್ನು ಪಕ್ಕದಲ್ಲಿಟ್ಟುಕೊಳ್ಳದೆ ತಪ್ಪನ್ನು ನಿರ್ಣಯಿಸಬಾರದು. ಒಂದು ಮುಖವನ್ನು ನೋಡಿ ನಿಲ್ಲದೆ ಎರಡು ಮುಖವನ್ನೂ ಅಂಚನ್ನೂ ನೋಡಬೇಕು.

ನಾಣ್ಯವನ್ನು ಹುಣಿಸೆಹಣ್ಣು, ಬೂದಿ, ನಿಂಬೆರಸ ಹಾಕಿ ತಿಕ್ಕಬಾರದು. ಬೆಳಗುವುದು ಪಾತ್ರೆಗೆ ಶೋಭೆ, ನಾಣ್ಯಕ್ಕೆ ಹಾನಿ. 2006ರಲ್ಲಿ ಭಾರತ ಸರ್ಕಾರವು ಮಹಾತ್ಮ ಬಸವೇಶ್ವರರ ಸ್ಮರಣಾರ್ಥವಾಗಿ ಐದು ರೂಪಾಯಿಯ ನಾಣ್ಯವನ್ನು ಹೊರಡಿಸಿತಷ್ಟೆ. ಭಕ್ತಿಯಿಂದ ಅದಕ್ಕೆ ಚಿನ್ನದ ನೀರು ಹಾಕಿಸಿ ಇಟ್ಟುಕೊಳ್ಳುವವರುಂಟು. ಅದು ಅವರವರ ಪ್ರೀತಿ. ಆದರೆ ನಾಣ್ಯಸಂಗ್ರಾಹಕನ ಕಣ್ಣಿಗೆ ಅದು ಬಣ್ಣ ಬದಲಾದ ನಾಣ್ಯವೇ ಹೊರತು 'ಬೇರೆ ಲೋಹದಲ್ಲಿ ಅಚ್ಚಾದ' ದೋಷನಾಣ್ಯವಲ್ಲ. ಹಾಗೆಯೇ ಹತ್ತು ರೂಪಾಯಿ ನಾಣ್ಯದ ನಡುಬಿಲ್ಲೆಯನ್ನು ಬಡಿದು ಕಳಚುವುದು, ಎರಡು ನಾಣ್ಯಗಳನ್ನು ಕೊರೆದು ಕೂಡಿಸಿ ಎರಡೂ ಕಡೆ ಸಿಂಹಮುದ್ರೆ ಬರುವಂತೆ ಮಾಡುವುದು ಇವೆಲ್ಲ ಹೊರಗಿನ ಕೈಚಳಕಗಳು. ಕೂಡಿಸಿದ ನಾಣ್ಯದಲ್ಲಿ ಅಂಚಿನ ಒಳಬದಿಗೆ ಕೂದಲೆಳೆಯಂತಹ ಸಂದು ಕಾಣುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ದನಿಯೂ ಮಂಕಾಗಿರುತ್ತದೆ. ನಾಣ್ಯಗಳನ್ನು ಕರಗಿಸುವುದು, ನಾಶಪಡಿಸುವುದು 2011ರ ನಾಣ್ಯ ಕಾಯಿದೆಯಲ್ಲಿ ನಿಷಿದ್ಧವೆಂಬುದನ್ನು ಮಕ್ಕಳಿಗೂ ತಿಳಿಸಿಡುವುದು ಒಳ್ಳೆಯದು.

ಈ ಎಲ್ಲ ಪರೀಕ್ಷೆಗಳಲ್ಲಿ ಗೆದ್ದ ನಾಣ್ಯವೊಂದು ನಿಮ್ಮಲ್ಲಿದ್ದರೆ ಸಂತೋಷ. ಅದನ್ನು ಕಾಗದದ ಪೊಟ್ಟಣದಲ್ಲಿ ಬೇರೆಯಾಗಿಟ್ಟು, ನಾಣ್ಯಪ್ರದರ್ಶನಗಳು ನಡೆದಾಗ ಇಬ್ಬರು ಮೂವರು ಅನುಭವಿಗಳಿಗೆ ತೋರಿಸಬೇಕು. ಸಣ್ಣ ಬಿರುಕು, ಸಣ್ಣ ಓರೆ ಇಂತಹವುಗಳಿಗೆ ಮುಖಬೆಲೆಗಿಂತ ಅಷ್ಟಿಷ್ಟು ಹೆಚ್ಚು ಬರಬಹುದು. ಎದ್ದು ಕಾಣುವ ಅಪರೂಪದ ದೋಷಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆ. ಆದರೆ ನಾಣ್ಯವನ್ನು ಕೊಳ್ಳುವವನು ಹಣ ಕೊಡುತ್ತಾನೆಯೇ ಹೊರತು ಮಾರುವವನಿಂದ ಹಣ ಕೇಳುವುದಿಲ್ಲ. ಮುಂಗಡವಾಗಿ ಶುಲ್ಕ ಕೇಳಿದ ಕ್ಷಣದಲ್ಲಿಯೇ ಆ ಮಾತುಕತೆಯನ್ನು ನಿಲ್ಲಿಸಬೇಕು. ಬ್ಯಾಂಕಿನ ಖಾತೆಯ ವಿವರ, ಗುಪ್ತ ಸಂಖ್ಯೆಗಳನ್ನು ಯಾವ ಕಾರಣಕ್ಕೂ ಕೊಡಬಾರದು. ಮನೆಯ ಹಿರಿಯರು ಒಂಟಿಯಾಗಿ ಇಂತಹ ಕರೆಗಳಿಗೆ ಉತ್ತರಿಸಬೇಕಾಗಿ ಬಂದಾಗ ಕಿರಿಯರು ಅವರ ಜೊತೆಗಿರಬೇಕು.

ಪರೀಕ್ಷೆಯಲ್ಲಿ ಸೋತ ನಾಣ್ಯದ ಬಗ್ಗೆ ಖೇದಪಡಬೇಕಾದುದಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡಿವೆ. ಅವು ಮಕ್ಕಳಿಗೆ ಪಾಠ ಹೇಳಲು ಉಪಯೋಗವಾಗಲಿ. ಬಳಕೆಯಲ್ಲಿ ಸಹಜವಾಗಿ ಸವೆದ ರೂಪಾಯಿ ಇಂದಿಗೂ ರೂಪಾಯಿಯೇ. ಅದರಿಂದ ಸಂತೆಯಲ್ಲಿ ಒಂದು ಹಿಡಿ ಕೊತ್ತಂಬರಿ ಕೊಳ್ಳುವಾಗ ಚಿಲ್ಲರೆಗೆ ಅನುಕೂಲವಾದೀತು. ಅದಕ್ಕಿಲ್ಲದ ಬೆಲೆಯನ್ನು ನಂಬಿ, ದುಡಿದು ಕೂಡಿಟ್ಟ ಸಾವಿರಗಳನ್ನು ಕಾಣದವನ ಕೈಗೆ ಒಪ್ಪಿಸದಿದ್ದರೆ ಈ ವಿದ್ಯೆ ಕಲಿತದ್ದು ಸಾರ್ಥಕ.